ಪೀಪಾಯಿ ಮೇಲಿನ ಸಾಹುಕಾರ

ಇಂದು ಬೆಳಿಗ್ಗೆ ಹುಕ್ಕೇರಿ ಪೇಟೆಯಲ್ಲಿ ಅಂಗಡಿಯವನೊಬ್ಬ ಸೂರ್ಯಕಾಂತಿ ಎಣ್ಣೆಯ ಡಬ್ಬಿ ಒಡೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾದವು. ಯಾಕೆಂದು ಹೇಳಿಬಿಡುತ್ತೇನೆ. ನೀವೂ ನಗಬಹುದು, ಊರೇ ನಕ್ಕಾಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಈ ಎಣ್ಣೆ ಬರುವ ಎಲ್ಲೋ ದೂರದ ದೇಶದಲ್ಲಿ ಯುದ್ಧ, ಇಲ್ಲಿ ನಮ್ಮ ಒಗ್ಗರಣೆ ತುಟ್ಟಿ. ಓಣಿಯ ಗಣಪತಿಗೆ ದೇಖಾವೆ ಮಾಡಲು, ಅಂದರೆ ಮೋಟಾರು ಹಚ್ಚಿ ಬೊಂಬೆ ಕುಣಿಸುವ ದೃಶ್ಯ ಕಟ್ಟಲು, ಗೋಕಾಕದಿಂದ ರಾಮಣ್ಣ ಕಾಕಾ ಬಂದಿದ್ದರು. ಅವರು ಕಟ್ಟಿಗೆಯಲ್ಲಿ ಬಾಳೆಹಣ್ಣು ಮಾಡಿದರೆ ಮಂಗ ಮೋಸಹೋಗಬೇಕು, ಅಂಥ ಕೈ. ಯುದ್ಧದ ದೇಖಾವೆ ಆಗಲಿ ಎಂದು ಸೂಚಿಸಿದವನು ನಾನು, ನಿವೃತ್ತ ಮಾಸ್ತರ. ಇಬ್ಬರು ಸೈನಿಕರು ಬಡಿದಾಡಬೇಕು. ಒಬ್ಬ ಬಿದ್ದಾಗಲೆಲ್ಲ ಎಣ್ಣೆ ಪೀಪಾಯಿಯ ಮೇಲೆ ಕುಳಿತ ಸಾಹುಕಾರ ಗೇಣುದ್ದ ಮೇಲೇರಬೇಕು. ಫಲಕದ ಪದ್ಯವೂ ನನ್ನದೇ. ಲಾಭಕೋರರನ್ನು ನಾಲ್ಕು ಸಾಲಿನಲ್ಲಿ ಜಾಡಿಸಿದ್ದೆ, ಪ್ರಾಸವೂ ಕೂಡಿತ್ತು.

ಒಂದು ಮಾತು ಬಿಟ್ಟೆ. ಯುದ್ಧದ ಸುದ್ದಿ ಬಂದ ಮರುದಿನವೇ ನಾನು ಸಂಕೇಶ್ವರಕ್ಕೆ ಹೋಗಿ ಇಪ್ಪತ್ತು ಡಬ್ಬಿ ಎಣ್ಣೆ ತಂದು ಮಂಚದ ಕೆಳಗೆ ಪೇರಿಸಿದ್ದೆ. ನೆರೆಯವರು ಕೇಳಿದರೆ ಆಯಾ ದಿನದ ದರಕ್ಕೆ ಕೊಡುತ್ತಿದ್ದೆ. ಅದು ವ್ಯಾಪಾರವೆಂದು ನನಗೆ ಅನಿಸಿರಲೇ ಇಲ್ಲ, ಪರೋಪಕಾರವೆಂದೇ ತಿಳಿದಿದ್ದೆ. ಪದ್ಯ ಒಯ್ಯಲು ಮನೆಗೆ ಬಂದ ಕಾಕಾ ಕೂಡ ಒಂದು ಡಬ್ಬಿ ಕೊಂಡರು. ಅವರಿಂದಲೂ ಪೂರ್ತಿ ದರ ತೆಗೆದುಕೊಂಡೆ. ಅಷ್ಟರಲ್ಲಿ ಟಿ.ವಿ.ಯಲ್ಲಿ ಸಂಧಾನ ನಡೆಯುವ ಲಕ್ಷಣವಿದೆ ಎಂದರು.

ಬೊಂಬೆಗಳ ಮುಖ ಬರೆಯುವುದು ಕೊನೆಯ ಕೆಲಸ. ಅದು ಮುಗಿಯುವವರೆಗೆ ಅರಿವೆ ಮುಚ್ಚಿರುತ್ತಾರೆ. ಚೌತಿಯ ಬೆಳಿಗ್ಗೆ ಅರಿವೆ ಸರಿಸಿದಾಗ ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಸಾಹುಕಾರನಿಗೆ ನನ್ನ ಚಷ್ಮಾ, ನನ್ನ ಮೀಸೆ. ಕೆಳಗೆ ನನ್ನದೇ ಪದ್ಯ.

ಕಾಕಾ ಅವರನ್ನು ಬದಿಗೆ ಕರೆದೆ. "ಯುದ್ಧ ನಾ ಹಚ್ಚೀನೇನ್ರಿ ಕಾಕಾ?"

"ಇಲ್ರಿ ಮಾಸ್ತರ. ನೀವ್ಯಾಕ ಹಚ್ಚತೀರಿ."

"ಸಾವಕಾರ ನಗಬೇಕು ಅಂತ ಹೇಳಿದ್ದೆ. ಇಂವ ಯಾಕ ಮಾರಿ ಸಣ್ಣದ ಮಾಡ್ಕೊಂಡು ಕುಂತಾನ?"

ಕಾಕಾ ಕುಂಚ ಒರೆಸುತ್ತ ಹೇಳಿದರು: "ನಗೋ ಮಾರಿ ಯಾರಿಗರ ಬರೀಬಹುದ್ರಿ. ಅವತ್ತ ಸಂಧಾನ ಅಂದ ಕೂಡ್ಲೆ ನಿಮ್ಮ ಮಾರಿ ಇಳೀತು ನೋಡ್ರಿ, ಅಂಥಾದ್ದು ನಾ ಎಲ್ಲೂ ಕಂಡಿರಲಿಲ್ಲ. ಮಂಚದ ಕೆಳಗ ಇನ್ನೂ ಡಬ್ಬಿ ಉಳಿದಿದ್ದವು."

ಮುಖ ಅಳಿಸಿರೆಂದು ಕಮಿಟಿಯವರ ಮುಂದೆ ಗೋಗರೆದೆ. "ಮೂಡಲಗಿಯಿಂದ ಮಂದಿ ನೋಡಾಕ ಬರಾಕತ್ತಾರ್ರಿ ಮಾಸ್ತರ" ಎಂದು ಅವರು ಕೈಮುಗಿದರು. ಹಬ್ಬ ಮುಗಿಯುವವರೆಗೂ ಸೈನಿಕರು ಬಿದ್ದರು, ನಾನು ಏರಿದೆ.

ಇಂದಿನ ಪತ್ರಿಕೆಯಲ್ಲಿ ಮತ್ತೊಂದು ಯುದ್ಧ, ಮತ್ತೊಂದು ಸಂಧಾನ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಓದಿ, ಸದ್ಯ ನಿಲ್ಲುತ್ತದಲ್ಲ ಎಂದು ಮನಸಾರೆ ಸಂತೋಷಪಟ್ಟೆ. ಕೈಯಲ್ಲಿ ಒಂದು ಲೀಟರಿನ ಪಾಕೀಟು ಮಾತ್ರ ಇತ್ತು. ಮನೆಯಲ್ಲಿ ಇಪ್ಪತ್ತು ಡಬ್ಬಿ ಇದ್ದಿದ್ದರೂ ಇಷ್ಟೇ ಸಂತೋಷವಾಗುತ್ತಿತ್ತೇ ಎಂದು ನನ್ನನ್ನೇ ಕೇಳಿಕೊಂಡೆ. ಹೌದು ಎನ್ನುವ ಮೊದಲು ಅಂಗಡಿಯ ಗಾಜಿನಲ್ಲಿ ನನ್ನ ಮುಖ ಒಮ್ಮೆ ನೋಡಿಕೊಂಡೆ.