ಕಳೆದುಹೋದ ಮಧ್ಯಾಹ್ನದ ಪ್ರಕಟಣೆ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕೈತಪ್ಪಿದೆ ಎಂಬುದನ್ನೆಲ್ಲ ಗಾಜಿನ ಕೋಣೆಯಿಂದ ಹೇಳುವುದು ಅವಳ ಕೆಲಸ. ಮನೆಯಲ್ಲೂ ಅದೇ ದನಿ. "ಊಟಕ್ಕೆ ಕರೆದ್ರೂ ಬಸ್ಸು ಹತ್ತಿ ಅಂದ ಹಾಗಿರುತ್ತೆ" ಎಂದು ಅತ್ತೆ ನಗುತ್ತಿದ್ದರು.

ಗಂಟಲಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಮರಳಿ ಬಂದದ್ದು ಒರಟಾದ, ನಡುನಡುವೆ ಕಡಿಯುವ ಬೇರೆಯದೇ ದನಿ. ಮೈಕಿನ ಮುಂದೆ ಇನ್ನೊಬ್ಬಳು ಬಂದು ಕೂತಳು. ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಗೆ ಇವಳನ್ನು ಹಾಕಿದರು. ಕೊಡೆ, ಕನ್ನಡಕ, ಒಂಟಿ ಚಪ್ಪಲಿಗಳ ನಡುವೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮನೆಯಲ್ಲೂ ತಲೆಯಾಡಿಸಿಯೇ ಕಾಲ ಹಾಕತೊಡಗಿದಳು. ಮಾತಾಡಿದಷ್ಟೂ ಒಳ್ಳೆಯದೆಂದು ಡಾಕ್ಟರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ, ಕಾಲೇಜಿಗೆ ಹೋಗುವ ಮಗಳು ಒಂದು ಹೊಸ ಬಗೆಯ ಕವಿತೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಪ್ರಾಸವಿಲ್ಲ, ಪದ್ಯದ ಲಕ್ಷಣವೇ ಇಲ್ಲ; ಕಳೆದ ವಸ್ತುವಿನ ಪ್ರಕಟಣೆಯಂತಿತ್ತು.

ಗಮನಿಸಿ.
ಒಂದು ಮಧ್ಯಾಹ್ನ ಕಳೆದುಹೋಗಿದೆ.
ಬಣ್ಣ ಹಳದಿ. ಒಂದು ಮೂಲೆ ಒದ್ದೆ.
ಸಿಕ್ಕವರು ಒರೆಸಬೇಡಿ, ಇದ್ದ ಹಾಗೇ ತಂದುಕೊಡಿ.

ಮಗಳು ಕೈ ಬೀಸಿ, ಕೊರಳು ನಡುಗಿಸಿ ಓದಿದಳು. ಸೊಪ್ಪು ಬಿಡಿಸುತ್ತಿದ್ದ ಅತ್ತೆ, "ಮಧ್ಯಾಹ್ನ ಕಳ್ಕೊಂಡೋರು ಪೊಲೀಸರ ಹತ್ರ ಹೋಗ್ಬೇಕಪ್ಪ" ಎಂದರು. ಮೈಕಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆಯೇ ಮಾತೂ ಹೊರಬಿತ್ತು.

"ಅಳ್ಬೇಡ ಕಣೇ. ಕಳ್ಕೊಂಡೋರು ಹಾಗೆ ಹೇಳಲ್ಲ."

"ದುಃಖದ ಪದ್ಯ ಅಮ್ಮ ಇದು!"

"ಇರ್ಲಿ. ನನ್ನ ಹತ್ರ ಬರೋರು ಬಣ್ಣ ಹೇಳ್ತಾರೆ, ಎಲ್ಲಿ ಹರಿದಿದೆ ಅಂತಾರೆ. ಅಳ್ತಾ ಕೂತ್ರೆ ವಸ್ತು ಸಿಗುತ್ತಾ? ಕೊಡಿಲ್ಲಿ."

ಬಸ್ಸು ಬಂದಿದೆ ಎನ್ನುವ ಧಾಟಿಯಲ್ಲೇ, ಏರಿಳಿತವಿಲ್ಲದೆ ಓದಿದಳು. 'ಒದ್ದೆ' ಎಂಬಲ್ಲಿ ದನಿ ಕಡಿಯಿತು. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಹಳದಿ ಅಂದ್ರೆ ಬಾಲ್ಯ, ಒದ್ದೆ ಅಂದ್ರೆ ಕಣ್ಣೀರು ಅಂತ ಸಂಕೇತ ಹುಡುಕ್ತಿದ್ದೆ," ಎಂದಳು ಮಗಳು. "ಈಗ ಆ ಮಧ್ಯಾಹ್ನಾನೇ ಕಾಣಿಸ್ತು. ಬಿಸಿಲು ಬಿದ್ದ ಹಾಸಿಗೆ. ಯಾರೋ ಒದ್ದೆ ಕೂದಲಲ್ಲೇ ಮಲಗಿದ್ದ ದಿಂಬಿನ ಮೂಲೆ."

"ಕೊನೇ ಸಾಲು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಒದ್ದೆ ಇದ್ರೆ ಒರೆಸಿಕೊಡೋದು ತಾನೆ ಒಳ್ಳೇದು?" ಎಂದಳು ಮೈಕಕ್ಕ.

"ಒರೆಸಿದ್ರೆ ಅದು ಬೇರೆ ಯಾರದ್ದೋ ಮಧ್ಯಾಹ್ನ ಆಗ್ಬಿಡುತ್ತಮ್ಮ."

ಮೈಕಕ್ಕ ಕೊನೇ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು.

ತರಗತಿಯಲ್ಲಿ ಕವಿತೆಯ ಬಗ್ಗೆ ಮಾತಾಡಬೇಕಿದ್ದ ಮಗಳು, ಓದಲು ಅಮ್ಮನೇ ಬರಬೇಕೆಂದು ದುಂಬಾಲು ಬಿದ್ದಳು.

"ಈ ಒಡಕು ಗಂಟಲಲ್ಲಾ?"

"ಅದರಲ್ಲೇ."

"ಹೋಗಿ ಬಾಮ್ಮ," ಎಂದರು ಅತ್ತೆ. "ಮನೇಲಿ ನಾನೊಬ್ಳೇ ಮಾತಾಡಿ ಮಾತಾಡಿ ನನ್ನ ಗಂಟಲೂ ಹೋಗೋ ಹಾಗಾಗಿದೆ."

ತರಗತಿಯಲ್ಲಿ ಎರಡು ಸಲ ದನಿ ನಿಂತಿತು. ನೀರು ಕುಡಿದು ಮುಂದುವರಿಸಿದಳು. ಯಾರೂ ನಗಲಿಲ್ಲ. ಮುಗಿದ ಮೇಲೆ ಮೇಡಂ, "ಇನ್ನೊಂದ್ಸಲ ಓದ್ತೀರಾ? ಈ ಸಲ ಕಣ್ಮುಚ್ಚಿ ಕೇಳ್ತೀವಿ" ಎಂದರು. ಓದಿದಳು. ವೇದಿಕೆಯಿಂದ ಇಳಿಯುವಾಗ ಮುಖ ಅರಳಿತ್ತು.

ಮರುದಿನ ನಿಲ್ದಾಣದ ಮೇಲಧಿಕಾರಿಯ ಮುಂದೆ ನಿಂತು, "ಸಿಕ್ಕ ಸಾಮಾನಿನ ಪ್ರಕಟಣೆ ಇನ್ಮೇಲೆ ನಾನೇ ಓದ್ತೀನಿ ಸಾರ್" ಎಂದಳು. ಅವರು ಅನುಮಾನಿಸುತ್ತಲೇ ಒಪ್ಪಿದರು. ಆ ಕಡಿಯುವ ದನಿಗೆ ಮೊದಮೊದಲು ಜನ ಬೆಚ್ಚಿ ತಲೆಯೆತ್ತಿದರು. ತಲೆಯೆತ್ತಿದವರು ಪೂರ್ತಿ ಕೇಳಿದರು. ಒಂದು ದಿನ ಅಜ್ಜನೊಬ್ಬ ಏದುಸಿರು ಬಿಡುತ್ತ ಬಂದು ತನ್ನ ಕನ್ನಡಕ ಪಡೆದ. ಇಬ್ಬರೂ ಮಾತಿಗೆ ಕೂತರು. ಮಾತಿನ ಭರದಲ್ಲಿ ಅಜ್ಜನ ಬಸ್ಸು ಹೊರಟೇ ಹೋಯಿತು.

"ಹೋದ್ರೆ ಹೋಗ್ಲಿ ಬಿಡಮ್ಮ, ಇನ್ನೊಂದು ಬರುತ್ತೆ" ಎಂದು ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.