ಜೇನು ಪಂಡಿತನ ಬೆಲ್ಲದ ಪಾಕ

ಹದಿನೈದನೇ ವಯಸ್ಸಿಗೆ ನಾನು ಜೇನು ಸಾಕಣೆಯಲ್ಲಿ ಪಂಡಿತನಾಗಿದ್ದೆ. ಒಂದು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆದವನಲ್ಲ. ಜೇನುನೊಣದ ಸದ್ದು ಕೇಳಿದರೆ ಬಚ್ಚಲಿಗೆ ಓಡಿ ಚಿಲಕ ಹಾಕುತ್ತಿದ್ದವನು. ಆದರೆ ಪುತ್ತೂರಿನ ಸೈಬರ್ ಕೆಫೆಯಲ್ಲಿ ಕುಳಿತು, ಇಂಟರ್‌ನೆಟ್ಟಿನ ಕೃಷಿಕರ ಫೋರಂ ಒಂದರಲ್ಲಿ ‘ಜೇನು ಪಂಡಿತ’ ಎಂದು ಹೆಸರು ಹಾಕಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಮಳೆಗಾಲದಲ್ಲಿ ಹೂವಿಲ್ಲದಾಗ ನೊಣಗಳಿಗೆ ಏನು ಕೊಡಬೇಕು ಎಂದು ಯಾರೋ ಕೇಳಿದ್ದರು. ಎಲ್ಲರೂ ಕೊಡುವುದು ಸಕ್ಕರೆ ಪಾಕ. ನಾನು ಬರೆದೆ: ‘ಸಕ್ಕರೆ ಬೇಡ, ಬೆಲ್ಲದ ಪಾಕ ಕೊಡಿ. ನಲವತ್ತು ಪೆಟ್ಟಿಗೆಗಳ ಅನುಭವದಿಂದ ಹೇಳುತ್ತಿದ್ದೇನೆ.’

ಫೋರಂನಲ್ಲಿ ಎಲ್ಲವೂ ನಿಧಾನ. ಮೂರನೇ ದಿನ ಒಬ್ಬ ಹಿರಿಯರು ಬರೆದರು: ‘ಬೆಲ್ಲ ಕೊಟ್ಟರೆ ನೊಣಗಳಿಗೆ ಭೇದಿ ಹಿಡಿಯುತ್ತದೆ. ಪಂಡಿತರು ಮೊದಲು ಒಂದು ಪೆಟ್ಟಿಗೆ ತೆರೆದು ನೋಡಲಿ.’ ನಾಚಿಕೆಯಿಂದ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪಾಸ್‌ವರ್ಡೂ ಮರೆತುಹೋಯಿತು. ಒಂದೇ ಸಮಾಧಾನ: ನನ್ನ ದಡ್ಡತನದ ಕೆಳಗೇ ಅವರ ಪೆಟ್ಟೂ ಕೂತಿತ್ತು. ಓದಿದವರಿಗೆ ಎರಡೂ ಸಿಗುತ್ತಿದ್ದವು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಈ ಸಲದ ಆಟಿಯ, ಆಷಾಢದ ಮಳೆಯಲ್ಲಿ ಆಲಂಕಾರಿನ ಮಾವ, ಎಂದರೆ ಅಮ್ಮನ ತಮ್ಮ, ನನ್ನನ್ನೂ ಸೇರಿಸಿದ್ದ ಜೇನಿನವರ ಮೊಬೈಲ್ ಗ್ರೂಪಿನಲ್ಲಿ ಅದೇ ಪ್ರಶ್ನೆ ಕೇಳಿದರು. ಅವರದು ಎಂಟು ಪೆಟ್ಟಿಗೆ. ನಿಮಿಷದೊಳಗೆ ಸುಳ್ಯದ ಯಾರೋ ಒಂದು ಸ್ಕ್ರೀನ್‌ಶಾಟ್ ಹಾಕಿದರು. ಜೇನು ಪಂಡಿತ. ನಲವತ್ತು ಪೆಟ್ಟಿಗೆ. ಹಿರಿಯರ ಉತ್ತರ ಶುರುವಾಗುವ ಮೊದಲೇ ಚಿತ್ರವನ್ನು ಕತ್ತರಿಸಲಾಗಿತ್ತು.

ಮಾವ ಕೈಮುಗಿಯುವ ಚಿಹ್ನೆ ಒತ್ತಿದರು.

ಬೆಲ್ಲ ತಿನ್ನದೆಯೇ ನನಗೆ ಭೇದಿಯ ಲಕ್ಷಣ ಕಾಣಿಸಿತು. ‘ಅದು ತಪ್ಪು’ ಎಂದು ಬರೆದೆ. ಅಷ್ಟರಲ್ಲಿ ಗುಂಡ್ಯದಲ್ಲಿ ಲಾರಿ ಸಿಕ್ಕಿಹಾಕಿಕೊಂಡ ಫೋಟೋ, ಯಾರದೋ ಮಗುವಿನ ಹುಟ್ಟುಹಬ್ಬ, ಮೂವತ್ತು ಕೇಕಿನ ಚಿಹ್ನೆ. ನನ್ನ ಮಾತು ಹೊಳೆಗೆ ಬಿದ್ದ ಚಪ್ಪಲಿಯಂತೆ ಹೋಯಿತು. ಮತ್ತೆ ಬರೆದೆ. ‘ನಿಮ್ಮದು ಎಷ್ಟು ಪೆಟ್ಟಿಗೆ?’ ಎಂದು ಒಬ್ಬರು ಕೇಳಿದರು. ಸೊನ್ನೆ ಎನ್ನಲು ಬೆರಳು ಬರಲಿಲ್ಲ. ಮಾವನಿಗೇ ಫೋನ್ ಮಾಡಿದೆ. ಅವರು ಎತ್ತಿದೊಡನೆ “ಊಟ ಆಯ್ತಾ ಮಾವ?” ಎಂದು ಕೇಳಿ, ಇಟ್ಟುಬಿಟ್ಟೆ.

ರಾತ್ರಿಯಿಡೀ ಕಿವಿಯಲ್ಲಿ ಎಂಟು ಪೆಟ್ಟಿಗೆ ಗುಂಯ್‌ಗುಟ್ಟಿದವು. ಬೆಳಿಗ್ಗೆ ರೈನ್‌ಕೋಟನ್ನು ಹಿಂದುಮುಂದಾಗಿ ಹಾಕಿಕೊಂಡು ಆಲಂಕಾರಿಗೆ ಬೈಕ್ ಓಡಿಸಿದೆ.

“ಮಾವ, ಬೆಲ್ಲ ಕೊಟ್ರಾ?”

“ನಿನ್ನೆಯೇ ಕೊಟ್ಟಾಯ್ತು. ಒಂದು ಪೆಟ್ಟಿಗೆಗೆ.”

“ಒಂದಕ್ಕೇ?”

“ಹೊಸತು ಎಂತ ಕೊಡುದಾದ್ರೂ ಮೊದ್ಲು ಒಂದಕ್ಕೆ ಕೊಟ್ಟು ನೋಡುದು ಮಾರಾಯ. ನನ್ನ ಅಪ್ಪನ ಕಾಲದಿಂದ ಹಾಗೆಯೇ. ನೀನೆಂತ ಈ ಮಳೆಗೆ ಓಡಿ ಬಂದದ್ದು?”

“ಆ ಪಂಡಿತ ನಾನೇ ಮಾವ.”

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಲ್ವತ್ತು ಪೆಟ್ಟಿಗೆ ಎಲ್ಲಿ ಇಟ್ಟಿದ್ದೀ? ಬಚ್ಚಲಲ್ಲಿಯಾ?”

ಬೆಲ್ಲ ಕೊಟ್ಟ ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ಕಂದು ಕಲೆಗಳಿದ್ದವು. ಕೆಲವು ನೊಣಗಳು ಹಾರಲಾರದೆ ತೆವಳುತ್ತಿದ್ದವು. ಹಿರಿಯರು ಬರೆದಿದ್ದ ಸಾಲು ಇಲ್ಲಿ ಕಣ್ಣೆದುರಿಗಿತ್ತು.

“ತೆಗೀರಿ ಪಂಡಿತರೇ, ಬಟ್ಟಲು ಹೊರಗೆ ತೆಗೀರಿ” ಎಂದರು ಮಾವ.

ಜೀವನದಲ್ಲಿ ಮೊದಲ ಬಾರಿ ಪೆಟ್ಟಿಗೆ ತೆರೆದೆ. ಮೂರು ಕಡಿತ. ಬೆಲ್ಲದ ಬಟ್ಟಲು ತೆಗೆದು ಸಕ್ಕರೆ ಪಾಕ ಇಟ್ಟೆ.

“ಉಳೀತದಾ ಮಾವ?”

“ಎರಡು ದಿನ ನೋಡುವ. ನೀನು ಗ್ರೂಪಲ್ಲಿ ಬರಿ. ಹೆಸರು ಹಾಕಿ ಬರಿ.”

ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಬರೆದೆ: ಹದಿನೈದರ ಪಂಡಿತ, ಸೊನ್ನೆ ಪೆಟ್ಟಿಗೆ, ಕಂದು ಕಲೆ. ಮೂವರು ಹೆಬ್ಬೆರಳಿನ ಚಿಹ್ನೆ ಒತ್ತಿದರು. ಹತ್ತು ನಿಮಿಷಕ್ಕೆ ಕಡಬದ ಒಬ್ಬರು ಅದೇ ಕತ್ತರಿಸಿದ ಸ್ಕ್ರೀನ್‌ಶಾಟ್ ಹಾಕಿದರು: ‘ಇದನ್ನೂ ಓದಿ, ಅನುಭವಿಗಳ ಮಾತು.’

ಊದಿದ ಬೆರಳಿನಿಂದ ಮೊದಲಿನಿಂದ ಬರೆಯತೊಡಗಿದೆ. ಮಾವ ಮಳೆಯಲ್ಲಿ ಕೊಡೆ ಹಿಡಿದು ಪೆಟ್ಟಿಗೆಯ ಮುಂದೆ ಬಗ್ಗಿ, ಹಲಗೆ ಒರೆಸಿ, ಹೊಸ ಕಲೆ ಬೀಳುತ್ತದೋ ಎಂದು ಕಾಯುತ್ತಿದ್ದರು.