ಒಕ್ಕಲು, ಬಂದೋರು

ಒಕ್ಕಲು ಅಂದರೆ ಏನಜ್ಜಿ ಅಂತ ಮೊಮ್ಮಗಳು ಮೊನ್ನೆ ಕೇಳಿದಳು. ಕಾಲೇಜಿಗೆ ಏನೋ ಬರೆದುಕೊಂಡು ಹೋಗಬೇಕಂತೆ. ನಾನು ಬಾಯಿ ಬಿಡುವ ಮೊದಲೇ ನಿಘಂಟು ತೆಗೆದು ತಾನೇ ಓದಿದಳು: ಬೇಸಾಯ, ಗೇಣಿದಾರ, ಮನೆತನ, ಊರಲ್ಲಿ ನೆಲೆ ನಿಂತ ಜನ. ಎಲ್ಲ ಸರಿಯೇ. ಆದರೆ ನಾನು ಆ ಮಾತಿನ ಅರ್ಥ ಕಲಿತದ್ದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಮಳವಳ್ಳಿ ಕಡೆಯ, ಮಳೆಯನ್ನೇ ನಂಬಿದ ಬೆದ್ದಲು ಊರಿನಿಂದ ಕೊತ್ತತ್ತಿ ಹತ್ತಿರದ ನಾಲೆ ಬಯಲಿಗೆ ನನ್ನನ್ನು ಕೊಟ್ಟಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಮಾವ ಊರಿನ ಯಜಮಾನರು. ಅಲ್ಲಿ ಜನ ಎರಡು ಬಗೆ. ನಾಲೆ ಬರುವುದಕ್ಕೆ ಮೊದಲಿಂದ ಇದ್ದ ಮನೆಗಳು ಒಕ್ಕಲು. ನೀರು ಹರಿದ ಮೇಲೆ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಗದ್ದೆ ಮಾಡಲು ಬಂದವರು ಬಂದೋರು. ಜಾತಿ ಒಂದೇ ಇರಲಿ, ಮನೆದೇವರು ಒಂದೇ ಇರಲಿ, ಬಂದು ಹತ್ತು ವರ್ಷ ಕಳೆದಿರಲಿ, ಬಂದೋರು ಬಂದೋರೇ. ಊರಾಚೆ ಕೇರಿಯವರನ್ನಂತೂ ಎರಡರಲ್ಲಿ ಯಾವುದಕ್ಕೂ ಸೇರಿಸುತ್ತಿರಲಿಲ್ಲ, ಆ ಪಾಪ ಬೇರೆ.

ಈ ವ್ಯತ್ಯಾಸ ಎದ್ದು ಕಾಣುತ್ತಿದ್ದದ್ದು ಸಾವಿನಲ್ಲಿ. ಒಕ್ಕಲಿನ ಮನೆಯಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವ ತನಕ ಊರಿನ ಒಂದು ಒಲೆಯೂ ಹತ್ತುವಂತಿಲ್ಲ. ಮನೆಗೊಬ್ಬ ಗಂಡಸು ಗುಂಡಿ ತೋಡಲು, ಹೆಗಲು ಕೊಡಲು ಹೋಗಲೇಬೇಕು. ಬಂದೋರಲ್ಲಿ ಸತ್ತರೆ ಊರು ಎಂದಿನಂತೆ ಬೇಯಿಸಿಕೊಂಡು ಉಣ್ಣುತ್ತದೆ. ಇದನ್ನು ಯಾರೂ ಸಾರಿ ಹೇಳುತ್ತಿರಲಿಲ್ಲ. ಯಜಮಾನರ ಮನೆಯ ಹಂಚಿನ ಮೇಲೆ ಹೊಗೆ ಎದ್ದಿತೋ ಇಲ್ಲವೋ ಅಂತ ನೋಡಿಕೊಂಡು ಉಳಿದವರು ಒಲೆ ಹಚ್ಚುತ್ತಿದ್ದರು, ಇಲ್ಲ ಸುಮ್ಮನಿರುತ್ತಿದ್ದರು.

ನಮ್ಮ ಎದುರು ಮನೆಯಾಕೆ ಬಂದೋಳು, ಅದೂ ನನ್ನ ಮಳವಳ್ಳಿ ಕಡೆಯವಳು. ಬೀದಿಯಲ್ಲಿ ಕಂಡರೆ ಸಾಕು, ‘ನಮ್ ಸೀಮೆ ಮಗಳು’ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೂ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ‘ಬಂದೋರ ಸೀಮೆಯೋಳಲ್ವಾ’ ಅಂತ ಹಂಗಿಸುತ್ತಿದ್ದಳು. ನನ್ನ ಚೊಚ್ಚಲ ಹೆರಿಗೆ ಕಷ್ಟವಾದಾಗ ಎರಡು ದಿನ ನನ್ನ ಬೆನ್ನಿಗೆ ಎದೆ ಕೊಟ್ಟು ಕೂತವಳು ಆ ಎದುರು ಮನೆಯಾಕೆಯೇ. ಉಪಕಾರದ ನೆನಪಿತ್ತು. ಅವಳ ಸೀಮೆಯವಳು ಅನ್ನಿಸಿಕೊಳ್ಳುವ ನಾಚಿಕೆ ಅದಕ್ಕಿಂತ ಜಾಸ್ತಿ ಇತ್ತು.

ಆ ವರ್ಷ ನಾಲೆ ಬಯಲಿನಲ್ಲೆಲ್ಲ ಚಳಿಜ್ವರ. ಅವಳ ಗಂಡ ತಿಂಗಳೊಪ್ಪತ್ತು ನಡುಗಿದ. ಮಂಡ್ಯದಿಂದ ತಂದ ಕ್ವಿನೈನ್ ಕುಡಿದ. ಒಂದು ಬೆಳಗ್ಗೆ ಹೋಗಿಬಿಟ್ಟ. ಬೇರೆ ಬಂದೋರ ಮನೆಗಳ ಗಂಡಸರೂ ಜ್ವರದಲ್ಲಿ ಮಲಗಿದ್ದರು, ಏಳುವ ಶಕ್ತಿ ಒಬ್ಬನಿಗೂ ಇರಲಿಲ್ಲ.

ಅತ್ತೆ ಹನಕೆರೆಯ ಮಗಳ ಮನೆಗೆ ಹೋಗಿದ್ದರು. ಓರಗಿತ್ತಿ ಮುಟ್ಟಾಗಿ ಜಗಲಿಯಲ್ಲಿ ಕೂತಿದ್ದಳು. ಹಾಗಾಗಿ ಅವತ್ತು ಒಲೆ ನನ್ನ ಕೈಯಲ್ಲಿತ್ತು. ಎದುರು ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದಳು, ಕೂದಲು ಬಿಚ್ಚಿಕೊಂಡು.

“ನಿನ್ ಕಾಲ್ಗೆ ಬೀಳ್ತೀನಿ, ಎಣ ಎತ್ತೋಗಂಟ ಒಲೆ ಅಚ್ಚಬ್ಯಾಡ ಕಣವ್ವ. ನಿಮ್ಮನೇಲಿ ಒಗೆ ಏಳ್ನಿಲ್ಲ ಅಂದ್ರೆ ಯಾರ ಮನೇಲೂ ಏಳಾಕಿಲ್ಲ. ಆಗ ನಮ್ದೂ ಒಕ್ಕಲು ಅಂತ ಆಯ್ತದೆ, ನಾಕು ಜನ ಬತ್ತರೆ. ಎರಡು ಎಣ್ಣೈಕ್ಳ ಕಟ್ಕಂಡು ನಾನೆಂಗವ್ವ ಅವರ್ನ ಎತ್ಲಿ?”

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಹೂಂ ಅಂದುಕೊಂಡೇ ಹೋದಳು.

ಜಗಲಿಯಿಂದ ಓರಗಿತ್ತಿಯ ದನಿ ಬಂತು. “ಏನಮ್ಮೀ, ನಿಮ್ ಸೀಮೆಯೋರ್ಗೆ ಸೂತ್ಕ ಇಡೀತೀಯಾ?” ನಕ್ಕಳು.

ನಾನು ಒಲೆ ಹಚ್ಚಿದೆ. ಯಾರೂ ಹಚ್ಚು ಅಂದಿರಲಿಲ್ಲ. ಒಣ ಸೌದೆ ಪಕ್ಕದಲ್ಲೇ ಇತ್ತು, ಅದನ್ನು ಬಿಟ್ಟು ಕಬ್ಬಿನ ಹಸಿ ಸೋಗೆ ತುರುಕಿದೆ, ಹೊಗೆ ದಟ್ಟವಾಗಿ ಏಳಲಿ ಅಂತ. ನಾನು ಈ ಊರಿನವಳು ಅಂತ ಎಲ್ಲರಿಗೂ ಕಾಣಲಿ ಅಂತ. ಕಣ್ಣು ಉರಿದು ನೀರು ಬಂತು. ಅದು ಹೊಗೆಯ ನೀರೇ, ಅಳು ಅಂತ ಸುಳ್ಳು ಬರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಹಂಚುಗಳ ಮೇಲೂ ಹೊಗೆ ಆಡಿತು. ನನಗೆ ಒಳಗೊಳಗೇ ಹಿಗ್ಗಾಯಿತು.

ಮುದ್ದೆ ಕಟ್ಟುವ ಹೊತ್ತಿಗೆ ಮಾವ ಚಾವಡಿಯಿಂದ ಬಂದರು. ಹೊಸಿಲಲ್ಲೇ ನಿಂತರು.

“ಒಲೆ ಯಾಕವ್ವ ಅಚ್ಚುದ್ದೆ?”

“ಬಂದೋರಲ್ವಾ ಮಾವ.”

ಅವರು ಟವಲಿನಿಂದ ಮುಖ ಒರೆಸಿಕೊಂಡರು. “ಬಂದು ಅತ್ತು ವರ್ಸಾಯ್ತು, ಇನ್ಮ್ಯಾಕೆ ಒಕ್ಕಲು ಅಂತ ಸೇರುಸ್ಕಬುಡಾನ ಅಂತ ಎಲ್ಲಾರ್ನೂ ಒಪ್ಸಿದ್ದೆ. ಗುದ್ಲಿ ತರಾಕೆ ಏಳ್ತಿದ್ರು. ಅಷ್ಟ್ರಲ್ಲಿ ಒಬ್ಬ ಒಗೆ ತೋರ್ಸ್ದ. ‘ನಿಮ್ಮನೇಲೇ ಬೇಯ್ತಾದಲ್ಲ ಯಜಮಾನ’ ಅಂದ. ಎಲ್ಲಾ ಎದ್ದು ಅವರವರ ಮನೇಗೆ ಓದ್ರು.”

“ಆರ್ಸ್ಬುಡ್ಲಾ ಮಾವ?”

“ಇನ್ ಆರ್ಸಿ ಏನ್ ಮಾಡೀಯೆ. ಬಡ್ಸು.”

ಗಂಗಳ ಇಟ್ಟೆ. ಆಗ ಬೀದಿಯಲ್ಲಿ ಮರ ಕಲ್ಲಿಗೆ ಉಜ್ಜುವ ಸದ್ದು ಕೇಳಿತು. ಅವಳೂ ಹೆಣ್ಣುಮಕ್ಕಳಿಬ್ಬರೂ ಅವನನ್ನು ಬಾಗಿಲ ಹಲಗೆಗೆ ಕಟ್ಟಿ ಹಗ್ಗ ಹಾಕಿ ಎಳೆಯುತ್ತಿದ್ದರು. ಚಿಕ್ಕವಳಿಗೆ ಎಂಟೋ ಒಂಬತ್ತೋ. ನಮ್ಮ ಬಾಗಿಲ ಮುಂದೆ ಹಲಗೆ ಕಲ್ಲಿಗೆ ಸಿಕ್ಕಿ ನಿಂತಿತು. “ಇನ್ನೊಂಚೂರು ಕಣ್ ಮಗ, ಬುಡಬ್ಯಾಡ” ಅಂದಳು ತಾಯಿ. ಮಾವ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಸದ್ದು ಮತ್ತೆ ಶುರುವಾಗಿ ನಾಲೆ ಏರಿಯ ಕಡೆಗೆ ಹೋಯಿತು. ಅವರು ತುತ್ತು ನುಂಗಿದರು. ಸಾರು ಬೇಕಾ ಅಂತ ಕೇಳಿದೆ. ಹಾಕು ಅಂದರು. ಹಾಕಿದೆ.